ಹದಿನೇಳನೇ ನಂಬರಿನ ಜವಾನ

ಕೊಳ್ಳೇಗಾಲದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ಮಹದೇವಪ್ರಸಾದ್ ಯಾವುದನ್ನೂ ಪೂರ್ತಿ ಮಾಡಿದ ಮನುಷ್ಯನಲ್ಲ. ಇದು ಅವನ ಹೆಂಡತಿ ಯಶೋದಳ ಮಾತು, ಅವನೂ ತಲೆಯಾಡಿಸಿ ಒಪ್ಪಿಕೊಂಡ ಮಾತು. ಅವನ ಬಿ.ಕಾಂ. ಎರಡನೇ ವರ್ಷಕ್ಕೆ ನಿಂತಿತು. ತೋಟಕ್ಕೆ ಎಳೆಸಿದ ಹನಿ ನೀರಾವರಿಯ ಪೈಪು ಅರ್ಧ ತೋಟ ದಾಟಲಿಲ್ಲ. ಮನೆಯ ಮೇಲಂತಸ್ತಿಗೆಂದು ಎಬ್ಬಿಸಿದ ಕಂಬಗಳ ಸರಳುಗಳು ಆಕಾಶ ನೋಡುತ್ತ ತುಕ್ಕು ಹಿಡಿದವು. ಈಗ ಅವಕ್ಕೆ ಹಗ್ಗ ಕಟ್ಟಿ ಯಶೋದ ಬಟ್ಟೆ ಒಣಹಾಕುತ್ತಾಳೆ. ಇಂಥವನಿಗೆ ನಲವತ್ತೈದರ ಹತ್ತಿರ ಬಂದಾಗ, ಸಾಯುವುದರೊಳಗೆ ಒಂದಾದರೂ ಕೊನೆ ಮುಟ್ಟಿಸಬೇಕು ಎಂಬ ಹಟ ಹುಟ್ಟಿತು. ಹಟ ಹುಟ್ಟಿದ್ದು ಬಬಲ್ ಗಮ್ಮಿನ ಕಾರ್ಡುಗಳ ಮೇಲೆ ಎಂಬುದು ಮಾತ್ರ ಯಶೋದಳಿಗೆ ನುಂಗಲಾರದ ತುತ್ತಾಗಿತ್ತು.

ಆ ಕಾರ್ಡುಗಳ ಕತೆ ಇಷ್ಟು. ತೊಂಬತ್ತೊಂದು, ತೊಂಬತ್ತೆರಡರ ಸುಮಾರಿಗೆ, ಕೊಲ್ಲಿ ಯುದ್ಧದ ಸುದ್ದಿ ಇನ್ನೂ ಜನರ ಬಾಯಲ್ಲಿದ್ದಾಗ, ಹನೂರಿನ ಪೆಟ್ಟಿಗೆ ಅಂಗಡಿಗಳಿಗೆ 'ಶೂರ' ಎಂಬ ಬಬಲ್ ಗಮ್ ಬಂತು. ಗಮ್ಮು ನಾಲ್ಕು ಸಲ ಅಗಿಯುವುದರೊಳಗೆ ಸಪ್ಪೆಯಾಗುತ್ತಿತ್ತು. ಅದರ ಜೊತೆ ಸಿಗುತ್ತಿದ್ದ ಕಾರ್ಡಿಗಾಗಿ ಮಾತ್ರ ಹುಡುಗರು ಊಟದ ಬಿಡುವಿನಲ್ಲಿ ಊಟ ಬಿಟ್ಟು ಹೊಡೆದಾಡುತ್ತಿದ್ದರು. ಮುಂದುಗಡೆ ಟ್ಯಾಂಕು, ಜೆಟ್ ವಿಮಾನ, ಜಲಾಂತರ್ಗಾಮಿ, ಫಿರಂಗಿಗಳ ಬಣ್ಣದ ಚಿತ್ರ; ಹಿಂದುಗಡೆ ಅದರ ಉದ್ದ, ತೂಕ, ವೇಗ. ಒಟ್ಟು ನಲವತ್ತು ಕಾರ್ಡು. ಎರಡೇ ವರ್ಷಕ್ಕೆ ಕಂಪನಿ ಮುಚ್ಚಿತು, ಹುಡುಗರಿಗೆ ಮೀಸೆ ಬಂತು, ಕಾರ್ಡುಗಳು ಒಲೆಗೋ ತಿಪ್ಪೆಗೋ ಹೋದವು.

ಮಹದೇವಪ್ರಸಾದ್ ಅವನ್ನು ಮತ್ತೆ ಒಂದೊಂದಾಗಿ ಕೂಡಿಸಿದ. ತನ್ನದೇ ಹಳೇ ಟ್ರಂಕಿನಲ್ಲಿ ಕೆಲವು ಸಿಕ್ಕವು. ಗುಜರಿಯವರ ರದ್ದಿಯಲ್ಲಿ ಕೆಲವು ಸಿಕ್ಕವು. ಇಂಥದೇ ಗೀಳಿನವರು ಸೇರಿ ಮಾಡಿಕೊಂಡಿದ್ದ ಒಂದು ವಾಟ್ಸಾಪ್ ಗುಂಪಿನಲ್ಲಿ, ಬಂದದ್ದಕ್ಕೆ ಬದಲು ಕೊಟ್ಟು, ಇಲ್ಲದ್ದಕ್ಕೆ ಬೇಡಿಕೊಂಡು ಉಳಿದವನ್ನು ಪಡೆದ. ಕಾರ್ಡುಗಳನ್ನು ಅವನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಪ್ಲಾಸ್ಟಿಕ್ ಜೇಬುಗಳಿದ್ದ ಆಲ್ಬಮ್ಮಿಗೆ ಚಿಮಟದಲ್ಲಿ ಹಿಡಿದು ಇಳಿಸುತ್ತಿದ್ದ. ಹೊಸ ಚಪ್ಪಲಿಯ ಡಬ್ಬದಲ್ಲಿ ತೇವ ಹೀರುವ ಸಣ್ಣ ಪೊಟ್ಟಣ ಇರುತ್ತದಲ್ಲ, ನೆಂಟರಿಷ್ಟರ ಮನೆಯಿಂದೆಲ್ಲ ಅವನ್ನು ಕೇಳಿ ತಂದು ಆಲ್ಬಮ್ಮಿನ ಪೆಟ್ಟಿಗೆಗೆ ತುಂಬಿದ್ದ. ಕಾಗದಕ್ಕೆ ನೀರಿಗಿಂತ ದೊಡ್ಡ ಶತ್ರು ಇಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಹೀಗೆ ಮೂವತ್ತೊಂಬತ್ತಾದವು. ಉಳಿದದ್ದು ಹದಿನೇಳನೇ ನಂಬರು. ಮಿಕ್ಕವೆಲ್ಲ ಯಂತ್ರಗಳ ಚಿತ್ರವಾದರೆ ಅದೊಂದರಲ್ಲಿ ಮಾತ್ರ ಮನುಷ್ಯನ ಮುಖವಿತ್ತು. ಹಿಮದ ನಡುವೆ ಬಂದೂಕು ಹಿಡಿದು ನಿಂತ ಜವಾನ, ರೆಪ್ಪೆಯ ಮೇಲೂ ಹಿಮ. ವಾಟ್ಸಾಪ್ ಗುಂಪಿನ ಹಿರಿತಲೆ, ಮೈಸೂರಿನ ಶಂಕರ್ ಎಂಬವರು, "ಅದೊಂದನ್ನು ಮರೆತುಬಿಡಿ ಪ್ರಸಾದ್, ಹದಿನೇಳು ಅಚ್ಚೇ ಆಗಲಿಲ್ಲ ಅಂತಾರೆ" ಎಂದು ಸಮಾಧಾನ ಹೇಳಿದ್ದರು. ಆದರೆ ಅದು ಅಚ್ಚಾಗಿತ್ತು ಎಂಬುದು ಮಹದೇವಪ್ರಸಾದನಿಗೆ ಗೊತ್ತಿತ್ತು. ಹನೂರಿನ ಶಾಲೆಯಲ್ಲಿ ಏಳನೇ ತರಗತಿಯಲ್ಲಿದ್ದಾಗ ಅದನ್ನು ಅವನು ಕಣ್ಣಾರೆ ನೋಡಿದ್ದ. ಅದು ಪಕ್ಕದ ಬೆಂಚಿನ ಶಾಂತಮೂರ್ತಿಯ ಕೈಯಲ್ಲಿತ್ತು.

ಆ ಶಾಂತಮೂರ್ತಿ ಎಷ್ಟೋ ವರ್ಷದ ಮೇಲೆ ಯಳಂದೂರಿನ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ಬಂದು ಕೂತ. ಈಗ ಅವನು ರಾಮಾಪುರದಲ್ಲಿ ಕರೆಂಟಿನ ಲೈನ್‌ಮನ್. ಹೆಂಡತಿ, ಮಗಳು, ತಾಯಿ ಎಲ್ಲ ಒಟ್ಟಿಗೇ ಇದ್ದಾರೆ. ಕ್ಷೇಮ ಸಮಾಚಾರ ಕೋಸಂಬರಿಗೆ ಶುರುವಾಗಿ ಪಲ್ಯಕ್ಕೆ ಮುಗಿಯಿತು. ಆಮೇಲೆ ಮಹದೇವಪ್ರಸಾದ್ ಎದೆ ಗಟ್ಟಿ ಮಾಡಿಕೊಂಡು ಕೇಳಿದ.

"ಲೇ ಶಾಂತ, ಗಮ್ಮಿನ ಕಾರ್ಡ್ ಗ್ಯಾನ ಅದೆನ್ಲಾ? ನಿನ್ನತ್ರ ಒಂದು ಮಿಲಿಟ್ರಿಯೋನ್ದು ಇತ್ತಲ್ಲ, ಮಂಜಲ್ಲಿ ನಿಂತಿರೋದು. ಅದೇನಾಯ್ತು?"

"ಮನೇಲೇ ಅದ ಕಣ್ಲಾ," ಎಂದ ಶಾಂತಮೂರ್ತಿ, ಹಪ್ಪಳ ಮುರಿಯುತ್ತ.

ಪಾಯಸ ಬಡಿಸುವವನು ಬಂದು ಸಾಕೇ ಎಂದು ಕೇಳಿದ. ಮಹದೇವಪ್ರಸಾದ್ ಸಾಕು ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಪಾಯಸ ಎಲೆ ದಾಟಿ ಟೇಬಲ್ಲಿಗೆ ಹರಿಯಿತು.

"ಆದ್ರ ಕೊಡಕ್ಕಾಗಲ್ಲ," ಶಾಂತಮೂರ್ತಿ ಮುಂದುವರಿಸಿದ. "ಅದು ಮುಡಿಪಿನೊಳಗ ಅದ."

ನಮ್ಮ ಕಡೆ ಮಾದಪ್ಪನಿಗೆ ಹರಕೆ ಹೊರುವವರು ಹಳದಿ ಬಟ್ಟೆಯಲ್ಲಿ ಒಂದೂಕಾಲು ರೂಪಾಯಿ ಇಟ್ಟು ಗಂಟು ಕಟ್ಟುತ್ತಾರೆ. ಅದೇ ಮುಡಿಪು. ಕೇಳಿಕೊಂಡದ್ದು ನೆರವೇರಿದ ದಿನ ಅದನ್ನು ಮಹದೇಶ್ವರನ ಬೆಟ್ಟಕ್ಕೆ ಒಯ್ದು ಹುಂಡಿಗೆ ಹಾಕಬೇಕು. ಅಲ್ಲಿಯವರೆಗೆ ಅದು ದೇವರ ಕೋಣೆಯ ಮೊಳೆಯಲ್ಲಿ ನೇತಾಡುತ್ತದೆ, ಯಾರೂ ಬಿಚ್ಚುವಂತಿಲ್ಲ. ಕಣ್ಣುಬೇನೆಯವರು ಬೆಳ್ಳಿಯ ಕಣ್ಣು, ಕಾಲುನೋವಿನವರು ಬೆಳ್ಳಿಯ ಕಾಲು ಮಾಡಿಸಿ ಒಪ್ಪಿಸುವುದೂ ಉಂಟು. ಆ ವರ್ಷ ಶಾಂತಮೂರ್ತಿ ಮಿಲಿಟರಿ ಮಿಲಿಟರಿ ಎಂದು ಹುಚ್ಚು ಹಿಡಿಸಿಕೊಂಡಿದ್ದ. ಕಾಡಂಚಿನ ಊರು, ಕಾಡುಗಳ್ಳರ ಬೇಟೆಗೆ ಬಂದ ಹಸಿರು ಜೀಪು, ಬೂಟು, ಬಂದೂಕಿನವರ ಓಡಾಟ ಆಗ ಜೋರಾಗಿತ್ತು. ಮಗನ ಆಸೆ ನೋಡಿ ತಾಯಿ ವೀರಮ್ಮ ಮುಡಿಪು ಕಟ್ಟಲು ಕೂತರು. ಬೆಳ್ಳಿಯ ಮಿಲಿಟರಿಯವನನ್ನು ಎಲ್ಲಿಂದ ತರುವುದು? ಹುಡುಗ ಓಡಿ ಹೋಗಿ ತನ್ನ ಹದಿನೇಳನೇ ನಂಬರನ್ನು ತಂದು ಒಂದೂಕಾಲು ರೂಪಾಯಿಯ ಜೊತೆ ಇಟ್ಟ. ಕಣ್ಣಿಗೆ ಕಣ್ಣು ಕೊಟ್ಟ ಹಾಗೆ ಮಿಲಿಟರಿಗೆ ಮಿಲಿಟರಿಯವನು.

ಮಾದಪ್ಪ ಆ ಹರಕೆಗೆ ಕಿವಿಗೊಡಲಿಲ್ಲ. ಸೇನೆಯ ಭರ್ತಿಗೆ ಹೋದಾಗಲೆಲ್ಲ ಎತ್ತರ ಅಳೆಯುವ ಪಟ್ಟಿಯ ಕೆಳಗೆ ಶಾಂತಮೂರ್ತಿ ಒಂದು ಬೆರಳಷ್ಟು ಗಿಡ್ಡನಾಗುತ್ತಿದ್ದ. ವಯಸ್ಸು ಮೀರುವ ತನಕ ಹೋದ. ಆಮೇಲೆ ಕಂಬ ಹತ್ತುವ ಕೆಲಸ ಸಿಕ್ಕಿತು. ನೆರವೇರದ ಹರಕೆಯ ಮುಡಿಪನ್ನು ಒಪ್ಪಿಸುವಂತೆಯೂ ಇಲ್ಲ, ಬಿಚ್ಚುವಂತೆಯೂ ಇಲ್ಲ. ಹಾಗಾಗಿ ಅದು ಮೊಳೆಯಲ್ಲೇ ಉಳಿಯಿತು.

ಮುಂದಿನ ಭಾನುವಾರವೇ ಮಹದೇವಪ್ರಸಾದ್ ಅಂಗಡಿಗೆ ಬೀಗ ಹಾಕಿ, ಹನೂರಿನ ಮೇಲೆ ರಾಮಾಪುರಕ್ಕೆ ಕಾರು ಬಿಟ್ಟ. ಬಾಗಿಲಲ್ಲಿ ಓಟದ ಬೂಟು ಕಳಚುತ್ತಿದ್ದ ಎತ್ತರದ ಹುಡುಗಿಯೊಬ್ಬಳು "ಬನ್ನಿ ಅಂಕಲ್" ಎಂದು ಒಳಗೆ ಕರೆದಳು. ಅವಳು ಶಾಂತಮೂರ್ತಿಯ ಮಗಳು ನಾಗಶ್ರೀ. ಡಿಗ್ರಿ ಮುಗಿಸಿ ಯಾವುದೋ ಪರೀಕ್ಷೆ ಬರೆದಿದ್ದಾಳೆ, ದಿನಾ ಬೆಳಿಗ್ಗೆ ಊರಾಚೆಗೆ ಓಡುತ್ತಾಳೆ ಎಂದು ಅವಳ ತಾಯಿ ಕಾಫಿ ಕೊಡುತ್ತ ಹೇಳಿದರು. ಮಹದೇವಪ್ರಸಾದ್ ಹೂಂಗುಟ್ಟಿದನೇ ಹೊರತು ಕೇಳಿಸಿಕೊಳ್ಳಲಿಲ್ಲ. ಅವನ ಕಣ್ಣು ದೇವರ ಕೋಣೆಯ ಮೇಲಿತ್ತು.

ಮೊಳೆಯಲ್ಲಿ ಮುಡಿಪು ನೇತಾಡುತ್ತಿತ್ತು. ಮುದುಡಿದ ಮುಷ್ಟಿಯಷ್ಟು ದೊಡ್ಡದು. ಅಷ್ಟು ಹಳೆಯ ಗಂಟು ಹೊಗೆ ಹಿಡಿದು ಕಪ್ಪಾಗಿರಬೇಕಿತ್ತು. ಇದು ಮೊನ್ನೆ ಕಟ್ಟಿದ ಹಾಗೆ ಹಳದಿಯಾಗಿತ್ತು. ಚೆನ್ನಾಗಿ ಇಟ್ಟಿದ್ದಾರೆ ಎಂದು ಅವನಿಗೆ ಖುಷಿಯಾಯಿತು. ಮೂವತ್ತೊಂಬತ್ತು ಕಾರ್ಡು ಕೂಡಿಸಿದ ಮನುಷ್ಯ, ಅದು ಹಳದಿಯಾಗಿಯೇ ಯಾಕಿದೆ ಎಂದು ಒಂದು ಗಳಿಗೆ ಯೋಚಿಸಬಹುದಿತ್ತು. ಆಸೆ ಕಣ್ಣಿಗೆ ಅಡ್ಡ ಕೂತರೆ ಯೋಚನೆಗೆ ಜಾಗವೆಲ್ಲಿ?

ವೀರಮ್ಮ ಅವನ ಮಾತನ್ನೆಲ್ಲ ಕೇಳಿ, ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಬದಲಿಸಿ ಹೇಳಿದರು. "ನೀ ಕೇಳೋದೇನೋ ಸರಿ ಕಣಪ್ಪ. ಅದು ನಮ್ದಾಗಿದ್ರ ಕೊಟ್ಬುಡ್ತಿದ್ದೆ. ಮಾದಪ್ಪಂಗೆ ಅಂತ ಕಟ್ಟಿವ್ನಿ. ಅವ್ನೂ ಈಸ್ಕಂಡಿಲ್ಲ, ನಾವೂ ವಾಪಸ್ ತಕಂಡಿಲ್ಲ. ಮಧ್ಯದಲ್ಲಿ ನೀ ಬಂದು ಕೈ ಚಾಚುದ್ರ ಎಂಗೆ?"

ಹೊರಗೆ ಕಾರಿನ ಹತ್ತಿರ ಬಂದಾಗ ಶಾಂತಮೂರ್ತಿ ದನಿ ತಗ್ಗಿಸಿದ. "ನನ್ನ ಕೇಳುದ್ರ, ನೀ ತಕಂಡ್ ಓಗೋದೇ ಒಳ್ಳೇದು ಕಣ್ಲಾ. ದಿನಾ ಬೆಳಿಗ್ಗೆ ಕೈ ಮುಗಿಯಾಕೆ ನಿಂತ್ರ ದೇವ್ರಿಗಿಂತ ಮೊದ್ಲು ಅದೇ ಕಾಣ್ತದ. ನೀ ಆಗ್ಲಿಲ್ಲ, ನೀ ಆಗ್ಲಿಲ್ಲ ಅಂತ ಅಂದಂಗಾಯ್ತದ. ಈ ವಯಸ್ನಲ್ಲೂ ನಂಗೆ ಬೇಜಾರಾಯ್ತದ ಅಂದ್ರ ನಂಬ್ತೀಯಾ?"

ಮಹದೇವಪ್ರಸಾದ್ ನಂಬಿದ. ಮನೆಯ ಮೇಲಿನ ಸರಳುಗಳು ಅವನಿಗೂ ದಿನಾ ಕಾಣುತ್ತಿದ್ದವು.

ದಾರಿಯುದ್ದಕ್ಕೂ ಯೋಚಿಸಿ ಅವನು ಒಂದು ಉಪಾಯ ಮಾಡಿದ. ಕಾರ್ಡಿನ ಬದಲು ಬೆಳ್ಳಿಯ ಜವಾನನನ್ನು ಮಾಡಿಸಿಕೊಟ್ಟರೆ? ಮಾದಪ್ಪನಿಗೆ ಕಾಗದ ಹೋಗಿ ಬೆಳ್ಳಿ ಬಂದಂತಾಯಿತು, ಯಾರಿಗೂ ನಷ್ಟವಿಲ್ಲ. ಕೊಳ್ಳೇಗಾಲದ ಬೆಳ್ಳಿ ಕೆಲಸದ ಆಚಾರ್ರ ಹತ್ತಿರ ಕಣ್ಣಿನ ಅಚ್ಚಿತ್ತು, ಕೈಕಾಲಿನದಿತ್ತು, ತೊಟ್ಟಿಲಿನದಿತ್ತು, ನಾಗರದ್ದೂ ಇತ್ತು. ಮಿಲಿಟರಿಯವನದು ಇರಲಿಲ್ಲ. ಅವರು ತೆಳುವಾದ ಬೆಳ್ಳಿ ತಗಡಿನ ಮೇಲೆ ಕೈಯಾರೆ ಕೊರೆದು ಕೊಟ್ಟರು. ಮಹದೇವಪ್ರಸಾದ್ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಮತ್ತೆ ರಾಮಾಪುರಕ್ಕೆ ಹೋದ.

ವೀರಮ್ಮ ತಗಡನ್ನು ಬಾಗಿಲ ಬೆಳಕಿಗೆ ಹಿಡಿದರು. "ಇದ್ಯಾರು, ಪೋಸ್ಟ್‌ಮ್ಯಾನಾ?"

"ಮಿಲಿಟ್ರಿಯೋನು ಕಣವ್ವ."

"ಬಂದೂಕ ಎಲ್ಲಿ?"

"ಇದೇಯ, ಇಲ್ಲಿ."

"ನಾ ಅದ್ನ ಛತ್ರಿ ಅನ್ಕಂಡಿದ್ದೆ," ಎಂದು ವೀರಮ್ಮ ತಗಡನ್ನು ಕೆಳಗಿಟ್ಟರು. ನಗಲಿಲ್ಲ. ಮಗನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ. "ನಾನೂ ನೀನೂ ತೀರ್ಮಾನ ಮಾಡದಲ್ಲ ಇದು. ಸೋಮವಾರ ಬಾ. ಗುಡೀಲಿ ಊವಿನ ಪ್ರಸಾದ ಕೇಳವ. ಅವ್ನು ಬಿಡು ಅಂದ್ರ ಬುಡ್ತೀನಿ."

ಸೋಮವಾರ ಸಂಜೆ ಊರಿನ ಮಾದಪ್ಪನ ಗುಡಿಯಲ್ಲಿ ನಾಲ್ಕೇ ಜನ. ಪೂಜಾರಿ ಗುರುಪಾದಸ್ವಾಮಿ ಲಿಂಗದ ಮೇಲೆ ಹೂವುಗಳನ್ನು ಅಂಟಿಸಿ, ಬೆಳ್ಳಿಯ ತಗಡನ್ನು ಮುಂದಿಟ್ಟು, ವಿಷಯವನ್ನು ದೇವರಿಗೆ ಅರಿಕೆ ಮಾಡಿಕೊಂಡರು. ಬಲಗಡೆಯಿಂದ ಹೂವು ಬಿದ್ದರೆ ಹರಕೆ ಕೈಬಿಡಬಹುದು. ಎಡಗಡೆಯಿಂದ ಬಿದ್ದರೆ ಇಲ್ಲ. ಹೂವು ಯಾವ ಕಡೆಯಿಂದಲೂ ಬೀಳಲಿಲ್ಲ. ಮಹದೇವಪ್ರಸಾದ್ ಹೇಳಿಕೊಳ್ಳುವಂಥ ದೈವಭಕ್ತನಲ್ಲ. ಯಶೋದ ಹೊರಡಿಸಿದರೆ ದೇವಸ್ಥಾನಕ್ಕೆ ಹೋಗುವವನು. ಅಂಥವನು ಈಗ ಎರಡೂ ಕೈ ಎದೆಗೊತ್ತಿಕೊಂಡು, ಉಸಿರು ಬಿಡುವುದನ್ನೂ ಮರೆತು, ಒಂದು ಸೇವಂತಿಗೆಯನ್ನು ದಿಟ್ಟಿಸುತ್ತ ನಿಂತಿದ್ದ. ಗುರುಪಾದಸ್ವಾಮಿ ಇನ್ನೊಂದು ಸಲ ಗಂಟೆ ಆಡಿಸಿದರು. ಬಲಗಡೆಯ ಹೂವೊಂದು ಜಾರಿ ಕೆಳಗೆ ಬಿತ್ತು.

"ಆಯ್ತಲ್ಲ," ಎಂದರು ವೀರಮ್ಮ. ಅವರ ದನಿಯಲ್ಲಿ ದುಃಖವಿತ್ತು. ಮಗ ಮಿಲಿಟರಿ ಸೇರಲಿಲ್ಲ ಎಂಬುದು ಅವರ ಮಟ್ಟಿಗೆ ಆ ಸಂಜೆ ಖಾತ್ರಿಯಾದಂತಿತ್ತು.

ಬರುವ ಅಮಾವಾಸ್ಯೆಗೆ ಎಲ್ಲರೂ ಮಹದೇವಪ್ರಸಾದನ ಕಾರಿನಲ್ಲೇ ಬೆಟ್ಟಕ್ಕೆ ಹೋಗುವುದು, ಮಾದಪ್ಪನ ಸನ್ನಿಧಿಯಲ್ಲಿ ಮುಡಿಪು ಬಿಚ್ಚಿ ಕಾರ್ಡನ್ನು ಅವನಿಗೆ ಕೊಡುವುದು, ಬೆಳ್ಳಿ ತಗಡನ್ನೂ ತಪ್ಪುಕಾಣಿಕೆಯನ್ನೂ ಹುಂಡಿಗೆ ಹಾಕಿ ಹರಕೆಯಿಂದ ಬಿಡುಗಡೆ ಪಡೆಯುವುದು ಎಂದು ಮಾತಾಯಿತು. ಮಹದೇವಪ್ರಸಾದ್ ಮನೆಗೆ ಬಂದವನೇ ಆಲ್ಬಮ್ಮಿನ ಹದಿನೇಳನೇ ಜೇಬನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿದ. ಶಂಕರ್ ಅವರಿಗೆ ಫೋನು ಮಾಡಿ, ಅಮಾವಾಸ್ಯೆ ಕಳೆಯಲಿ ಸಾ, ಒಂದು ಫೋಟೋ ಕಳಿಸ್ತೀನಿ ಎಂದ.

ಅಮಾವಾಸ್ಯೆಗೆ ಇನ್ನೂ ನಾಲ್ಕಾರು ದಿನ ಇರುವಾಗ ಶಾಂತಮೂರ್ತಿಯ ಫೋನು ಬಂತು. ಮಹದೇವಪ್ರಸಾದ್ ಗಿರಾಕಿಗೆ ಆಯಿಲ್ ಫಿಲ್ಟರ್ ತೆಗೆದುಕೊಡುತ್ತಿದ್ದ.

"ಪ್ರಸಾದ, ನಮ್ ನಾಗಶ್ರೀಗೆ ಆರ್ಡ್ರು ಬಂತು ಕಣ್ಲಾ. ಬಾರ್ಡರ್ ಫೋರ್ಸು. ಟ್ರೇನಿಂಗ್‌ಗೆ ಓಗ್ಬೇಕಂತೆ. ನಂಗೊಂದು ಬೆರಳು ಸಾಲ್ದೆ ಓಯ್ತಲ್ಲ, ಅವಳ್ಗೆ ನಾಕು ಬೆರಳು ಜಾಸ್ತಿನೇ ಅದ."

"ಒಳ್ಳೇದಾಯ್ತು ಕಣ್ಲಾ," ಎಂದ ಮಹದೇವಪ್ರಸಾದ್. ನಿಜವಾಗಿಯೂ ಒಳ್ಳೆಯದಾಯಿತು ಅನ್ನಿಸಿತು. ಆ ಅನ್ನಿಸಿಕೆ ಮುಗಿಯುವುದರೊಳಗೇ ಮುಡಿಪು ನೆನಪಾಯಿತು. "ಅವ್ವ ಏನಂದ್ರು?"

"ಅದೇ ಕಣ್ಲಾ ಯೋಳವ ಅಂತ ಮಾಡ್ದೆ. 'ನಾ ಮಗನ್ನ ಕೇಳಿದ್ದೆ, ಮಾದಪ್ಪ ಮೊಮ್ಮಗಳ್ನ ಕರ್ಕಂಡ. ತಡ ಮಾಡಿದ್ರೂ ಮಾಡ್ಕೊಟ್ಟ' ಅಂತಾಳ. ಇನ್ನು ಮುಡಿಪು ಬಿಚ್ಚಂಗಿಲ್ಲ. ಇದ್ದಂಗೇ ಹುಂಡಿಗೆ ಹಾಕ್ಬೇಕು."

"ಊವು ಬಲಕ್ಕೆ ಬಿತ್ತಲ್ಲ?"

"ಅದ್ನೂ ಕೇಳ್ದೆ. 'ಬಿದ್ದಿದ್ದು ನಿಮ್ಗೆ ಕಾರ್ಡ್ ಕೊಡಿ ಅಂತಲ್ಲ, ಕೆಲಸ ಆಯ್ತದ ಅಂತ' ಅಂದ್ಳು. ಏನ್ ಯೋಳ್ಲಿ ನಾನು?"

ಮಹದೇವಪ್ರಸಾದ್ ಫೋನಿಟ್ಟು ಸ್ಟೂಲಿನ ಮೇಲೆ ಕೂತ. ಗಿರಾಕಿ ಫಿಲ್ಟರಿಗಾಗಿ ಕೈ ಚಾಚಿ ನಿಂತೇ ಇದ್ದ. ಇನ್ನು ಒಂದು ವಾರ ತಡವಾಗಿ ಆರ್ಡರು ಬಂದಿದ್ದರೆ ಎಂಬ ಯೋಚನೆ ಬಂತು. ಆ ಹುಡುಗಿಯ ಕೆಲಸದ ಮೇಲೆ ತನಗೆ ಸಿಟ್ಟು ಬರುತ್ತಿದೆ ಎಂದು ತಿಳಿದು ನಾಚಿಕೆಯಾಯಿತು. ನಾಚಿಕೆಯಾದರೂ ಸಿಟ್ಟು ಹೋಗಲಿಲ್ಲ.

"ಓಗ್ಬೇಡಿ ಬುಡಿ ಮತ್ತೆ," ಎಂದಳು ಯಶೋದ, ರಾತ್ರಿ ಊಟಕ್ಕೆ ಬಡಿಸುತ್ತ. "ಅವ್ರೇ ಬಸ್ಸಲ್ಲಿ ಓಗ್ಲಿ."

"ಕಾರು ತತ್ತೀನಿ ಅಂದಿವ್ನಿ."

"ಅಂದಿದ್ನೆಲ್ಲ ಮಾಡಿ ಮುಗಿಸಿಬುಟ್ಟಿದ್ದೀರಾ?"

ಅವನು ತಟ್ಟೆ ಮುಂದಕ್ಕೆ ಒಡ್ಡಿದ. ಕಾರ್ಡು ಸಿಗದಿದ್ದರೂ ಒಂದು ಸಲ ಅದರ ಹತ್ತಿರವಾದರೂ ಹೋಗಬೇಕು ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಅದನ್ನು ಹೆಂಡತಿಗೆ ಹೇಳಿ ನಗೆಪಾಟಲಾಗುವುದಕ್ಕಿಂತ ಅನ್ನಕ್ಕೆ ಇನ್ನೊಂದಿಷ್ಟು ಸಾರು ಹಾಕಿಸಿಕೊಳ್ಳುವುದು ಮೇಲು.

ಅಮಾವಾಸ್ಯೆಯ ಬೆಳಿಗ್ಗೆ ರಾಮಾಪುರದಿಂದ ಹೊರಟರು. ವೀರಮ್ಮ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಮುಡಿಪು. ಹಿಂದೆ ಶಾಂತಮೂರ್ತಿ, ಅವನ ಹೆಂಡತಿ, ನಾಗಶ್ರೀ. ಕೌದಳ್ಳಿಗೆ ಬಂದು ಬೆಟ್ಟದ ರಸ್ತೆ ಹಿಡಿದಾಗ ದಾರಿಯುದ್ದಕ್ಕೂ ಕಾಲ್ನಡಿಗೆಯ ಭಕ್ತರು. ಮಹದೇವಪ್ರಸಾದನ ಒಂದು ಕಣ್ಣು ರಸ್ತೆಯ ಮೇಲಿತ್ತು, ಇನ್ನೊಂದು ಮಡಿಲಿನ ಮೇಲಿತ್ತು.

"ಚೆನ್ನಾಗಿ ಮಡಗಿದ್ದೀರಿ ಕಣವ್ವ," ಎಂದ, ಸುಮ್ಮನಿರಲಾರದೆ. "ಇಷ್ಟು ವರ್ಷ ಆದ್ರೂ ಬಣ್ಣ ಮಾಸಿಲ್ಲ."

"ಮಾಸಕ್ಕೆ ಬುಟ್ಟಿದ್ರ ತಾನೆ," ಎಂದರು ವೀರಮ್ಮ. ಅಷ್ಟೂ ದಿನಗಳಲ್ಲಿ ಮೊದಲ ಸಲ ಅವರ ಮುಖ ಅರಳಿತ್ತು. "ಮುಡಿಪು ಮಾಸುದ್ರ ಹರಕೆ ಮರ್ತಂಗೆ ಅಂತ ನಮ್ಮತ್ತೆ ಅಂತಿದ್ರು. ವರ್ಷ ವರ್ಷ ಶಿವರಾತ್ರಿಗೆ ಇಳಿಸಿ, ಗಂಟು ಬಿಚ್ಚದಂಗೆ ಅಂಗೇ ಅರಿಸಿನದ ನೀರಲ್ಲಿ ಅದ್ದಿ, ಹಿಂಡಿ, ಬಿಸ್ಲಿಗೆ ಹಾಕಿ, ಮತ್ತೆ ಮೊಳೆಗೆ ಕಟ್ತಿದ್ದೆ. ಒಂದು ವರ್ಷನೂ ತಪ್ಸಿಲ್ಲ."

ಮಹದೇವಪ್ರಸಾದ್ ಗೇರು ತಪ್ಪಿಸಿದ. ಕಾರು ಒಮ್ಮೆ ಮುಗ್ಗರಿಸಿ ಹಿಂದಿನವರೆಲ್ಲ ಮುಂದಕ್ಕೆ ಬಂದರು.

"ಏನಾಯ್ತು ಅಂಕಲ್?" ಎಂದಳು ನಾಗಶ್ರೀ.

"ಏನಿಲ್ಲ ಕಣವ್ವ, ಕಲ್ಲು."

ವರ್ಷಕ್ಕೊಂದು ಸಲ ಅದ್ದಿ, ಹಿಂಡಿ. ಹಿಂಡಿ ಎಂಬ ಮಾತು ಅವನ ತಲೆಯೊಳಗೆ ಬಿಡದೆ ಸುತ್ತಿತು. ತೇವದ ಗಾಳಿ ಸೋಕೀತೆಂದು ನೆಂಟರ ಮನೆಯ ಚಪ್ಪಲಿ ಡಬ್ಬ ತಡಕಾಡಿದವನು ಅವನು. ತಾಳುಬೆಟ್ಟದಲ್ಲಿ ಎಲ್ಲರೂ ಇಳಿದು ಕರ್ಪೂರ ಹಚ್ಚಿದರೂ ಅವನು ಸ್ಟೀರಿಂಗ್ ಹಿಡಿದೇ ಕೂತಿದ್ದ. ತಿರುವುಗಳನ್ನು ಹತ್ತುವಾಗ ಅವ್ವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಆಕೆ ತನಗಿಂತ ಚೆನ್ನಾಗಿ ಕಾಪಾಡಿದ್ದರು, ಕಾಪಾಡಿದ್ದು ಬೇರೆಯದನ್ನು, ಅಷ್ಟೇ.

ಬೆಟ್ಟದ ಮೇಲೆ ಅಮಾವಾಸ್ಯೆಯ ಜನ. ಸಾಲು ಆಮೆಯ ಹಾಗೆ ಸಾಗಿತು. ಎಲ್ಲೋ ಮುಂದೆ 'ಉಘೇ ಮಾದಪ್ಪ' ಎಂದು ಎದ್ದ ಕೂಗು ಸಾಲಿನುದ್ದಕ್ಕೂ ಹರಿದು ಇವರನ್ನು ದಾಟಿ ಹೋಗುತ್ತಿತ್ತು. ದರ್ಶನ ಮುಗಿಸಿ ಹುಂಡಿಯ ಹತ್ತಿರ ಬಂದರು. ವೀರಮ್ಮ ಮೊದಲು ಬೆಳ್ಳಿಯ ತಗಡನ್ನು ಕೇಳಿದರು.

"ಅದ್ಯಾಕವ್ವ ಈಗ? ಮುಡಿಪೇ ಓಯ್ತಾ ಅದಲ್ಲ," ಎಂದ ಶಾಂತಮೂರ್ತಿ, ಸ್ನೇಹಿತನ ಮುಖ ನೋಡುತ್ತ.

"ಗುಡೀಲಿ ದೇವ್ರ ಮುಂದೆ ಮಡಗಿ ತೋರ್ಸಿದ್ದೀವಲ್ಲ. ತೋರ್ಸಿದ ಮೇಲೆ ಅವ್ನದೇ."

ಹೀಗೆ ಪೋಸ್ಟ್‌ಮ್ಯಾನಿನಂತಿದ್ದ ಬೆಳ್ಳಿಯ ಜವಾನನೂ ಹುಂಡಿಯೊಳಗೆ ಹೋದ. ಮಹದೇವಪ್ರಸಾದ್ ಅದನ್ನು ನೋಡುತ್ತ ನಿಂತ. ಕಾರ್ಡೂ ಇಲ್ಲ, ಬೆಳ್ಳಿಯೂ ಇಲ್ಲ.

ಶಾಂತಮೂರ್ತಿ ಅವ್ವನ ಕೈಯಿಂದ ಮುಡಿಪನ್ನು ತೆಗೆದುಕೊಂಡ. ನೇರ ಹುಂಡಿಗೆ ಹಾಕಲಿಲ್ಲ. ತಿರುಗಿ ಮಹದೇವಪ್ರಸಾದನ ಮುಂದೆ ಹಿಡಿದ.

"ಮುಟ್ಟಿ ನೋಡ್ಕ ಕಣ್ಲಾ. ಬಿಚ್ಚಂಗಿಲ್ಲ ಅಷ್ಟೇಯ, ಮುಟ್ಬಾರ್ದು ಅಂತೇನಿಲ್ಲ. ಏಳನೇ ಕ್ಲಾಸಿಂದ ಆಸೆ ಮಡಗಿದ್ದೀಯ."

ಮಹದೇವಪ್ರಸಾದ್ ಅದನ್ನು ಅಂಗೈಯಲ್ಲಿಟ್ಟುಕೊಂಡ. ಹೆಬ್ಬೆರಳಿನಿಂದ ಬಟ್ಟೆಯ ಮೇಲೆ ಮೆಲ್ಲಗೆ ಒತ್ತಿದ. ರೂಪಾಯಿಯ ದುಂಡು ಸಿಕ್ಕಿತು. ಪಕ್ಕದಲ್ಲಿ ನಾಲ್ಕಾಣೆಯ ದುಂಡು. ಕಾರ್ಡಿನ ನೇರ ಅಂಚಿಗಾಗಿ, ನಾಲ್ಕರಲ್ಲಿ ಒಂದಾದರೂ ಮೂಲೆಗಾಗಿ ಅವನ ಬೆರಳು ಗಂಟನ್ನೆಲ್ಲ ತಡಕಿತು. ಅಂಚಿರಲಿಲ್ಲ, ಮೂಲೆಯಿರಲಿಲ್ಲ. ನಾಣ್ಯಗಳಿಗೆ ಮೆತ್ತಿಕೊಂಡು ಗಟ್ಟಿಯಾಗಿದ್ದ, ಅಡಿಕೆಯಷ್ಟು ದಪ್ಪದ ಒಂದು ಉಂಡೆಯಿತ್ತು. ಹಿಮ, ಬಂದೂಕು, ರೆಪ್ಪೆ, ಹದಿನೇಳು ಎಂಬ ಅಂಕಿ, ಎಲ್ಲ ಸೇರಿ ಅಷ್ಟಾಗಿತ್ತು. ಜಗತ್ತಿನಲ್ಲಿ ಅವನಿಗೆ ಗೊತ್ತಿದ್ದ ಒಂದೇ ಒಂದು ಹದಿನೇಳನೇ ನಂಬರು ಎಂದೋ ಒಂದು ಶಿವರಾತ್ರಿಯ ದಿನ ಬೋಗುಣಿಯ ನೀರಿನಲ್ಲಿ ಸತ್ತಿತ್ತು. ಅವನಿಗೆ ಅಳು ಬಂತು. ಬಬಲ್ ಗಮ್ಮಿನ ಕಾರ್ಡಿಗೆ ನಲವತ್ತೈದರ ಗಂಡಸು ಹುಂಡಿಯ ಮುಂದೆ ಅಳುವಂತಿಲ್ಲವಾದ್ದರಿಂದ ಕೆಮ್ಮಿದ.

ತಲೆ ಎತ್ತಿದಾಗ ನಾಲ್ವರೂ ಅವನ ಮುಖವನ್ನೇ ನೋಡುತ್ತಿದ್ದರು. ಮುಡಿಪಿನೊಳಗಿನದನ್ನು ಬಲ್ಲವನು ಅವನೊಬ್ಬನೇ ಎಂಬಂತೆ ನೋಡುತ್ತಿದ್ದರು. ಅದು ನಿಜವೂ ಆಗಿತ್ತು.

"ಅದೆನಾ ಅಂಕಲ್?" ನಾಗಶ್ರೀ ಕೇಳಿದಳು. "ನಮ್ಮಪ್ಪನ ಮಿಲಿಟ್ರಿಯೋನು? ನಾ ಚಿಕ್ಕೋಳಿದ್ದಾಗಿಂದ ಕೇಳ್ತಾನೇ ಇವ್ನಿ, ಒಂದಿನಾನೂ ನೋಡಿಲ್ಲ."

ಶಾಂತಮೂರ್ತಿ ಉಸಿರು ಹಿಡಿದಿದ್ದುದು ಮಹದೇವಪ್ರಸಾದನಿಗೆ ಕಂಡಿತು. ಗುಡಿಯಲ್ಲಿ ಹೂವು ಬೀಳುವ ತನಕ ತಾನು ಹಿಡಿದಿದ್ದ ಹಾಗೆಯೇ.

"ಅದ ಕಣವ್ವ," ಎಂದ ಮಹದೇವಪ್ರಸಾದ್. "ಒಂದು ಮೂಲೆನೂ ಮಡ್ಚಿಲ್ಲ. ಈಗ ಅಂಗಡೀಲಿ ಬಿಚ್ಕೊಟ್ಟಂಗೇ ಅದ. ನಿಮ್ಮಜ್ಜಿ ಮಡಗಿದಂಗೆ ನಾನೂ ಮಡಗ್ತಿರ್ಲಿಲ್ಲ."

ಶಾಂತಮೂರ್ತಿ ಟವೆಲಿನಿಂದ ಕಣ್ಣು ಒರೆಸಿಕೊಂಡ. ವೀರಮ್ಮ ಮೊಮ್ಮಗಳ ಕೈಯನ್ನು ಮುಡಿಪಿನ ಮೇಲೆ ಇಡಿಸಿದರು, ಮಗನ ಕೈಯನ್ನು ಅದರ ಮೇಲೆ ಇಡಿಸಿದರು. ಹಳದಿ ಗಂಟು ಹುಂಡಿಯ ಬಾಯಲ್ಲಿ ಒಂದು ಗಳಿಗೆ ಸಿಕ್ಕಿಕೊಂಡು, ನಾಗಶ್ರೀ ಬೆರಳಿನಿಂದ ಒತ್ತಿದಾಗ ಒಳಗೆ ಇಳಿಯಿತು. ನಾಣ್ಯದ ಸದ್ದು ಕೇಳಿಸಿತು.

ಅಂದು ಸಂಜೆ ಶಂಕರ್ ಅವರ ಫೋನು ಬಂತು. ಫೋಟೋ ಎಲ್ಲಿ ಎಂದು ಕೇಳಿದರು. ಅಂಥದೊಂದು ಕಾರ್ಡು ಇರುವುದು ನಿಜವೇ ಎಂದೂ ಕೇಳಿದರು.

"ನಿಜ ಸಾ. ಇರೋರು ಕೊಡೋದಿಲ್ಲ."

"ಎಷ್ಟು ಕೊಟ್ಟರೂ?"

"ಎಷ್ಟು ಕೊಟ್ರೂ ಅವ್ರು ಈಸ್ಕತಾರೆ ಸಾ. ವಾಪಸ್ ಮಾತ್ರ ಕೊಡೋರಲ್ಲ," ಎಂದು ಮಹದೇವಪ್ರಸಾದ್ ಫೋನಿಟ್ಟ.

ಆಮೇಲೆ ಆಲ್ಬಮ್ ತೆಗೆದು ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಹಾಳೆ ಮಗುಚಿದ. ಒಣಗಿದ ಬಟ್ಟೆಗಳನ್ನು ಹೊತ್ತು ಮೇಲಿನಿಂದ ಇಳಿದು ಬಂದ ಯಶೋದ ಅವನ ಹಿಂದೆ ನಿಂತು ನೋಡಿದಳು.

"ಆಯ್ತಾ ಪೂರ್ತಿ?"

"ಆಯ್ತು."

ಅವಳು ಬಗ್ಗಿ ಬೆರಳಿಟ್ಟು ತೋರಿಸಿದಳು. "ಇಲ್ಲೊಂದು ಖಾಲಿ ಅದಲ್ರೀ."

"ಖಾಲಿ ಅಲ್ಲ ಅದು," ಎಂದ ಮಹದೇವಪ್ರಸಾದ್. "ಅವ್ನು ಡ್ಯೂಟಿ ಮೇಲೆ ಓಗವ್ನೆ."

ಯಶೋದ ಅವನ ಮುಖ ನೋಡಿದಳು. ಬಟ್ಟೆಗಳನ್ನು ಅವನ ಪಕ್ಕ ಇಟ್ಟು ಮಡಿಸತೊಡಗಿದಳು. ಅವನು ಆಲ್ಬಮ್ ಮುಚ್ಚಿ ಪೆಟ್ಟಿಗೆಗೆ ಇಳಿಸಿದ. ತೇವ ಹೀರುವ ಪೊಟ್ಟಣಗಳಲ್ಲಿ ಒಂದನ್ನು ಎತ್ತಿ ಹದಿನೇಳನೇ ಜೇಬಿನ ಹತ್ತಿರಕ್ಕೆ ಸರಿಸಿಟ್ಟು ಮುಚ್ಚಳ ಹಾಕಿದ.